ಜಿಜಾಬಾಯಿಯ ಕಟ್ಟೆಯ ಮೇಲಿನ ಲೋಟ

ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಹೋಗುವ ರಸ್ತೆಯನ್ನು ಅಗಲ ಮಾಡುವಾಗ ನಮ್ಮೂರ ಸೇಂದಿ ಅಂಗಡಿಯನ್ನು ಕೆಡವಿದರು. ಜನ ತೊಲೆ, ಬಾಗಿಲು, ಕಲ್ಲು ಹೊತ್ತುಕೊಂಡು ಹೋದರು. ತೀರಿಕೊಂಡ ನನ್ನ ತಮ್ಮನ ಹೆಂಡತಿ ಸುಜಾತಾ ಮಾತ್ರ ಮಣ್ಣು ಕೆದರಿ ಒಂದು ಹಿತ್ತಾಳೆ ಲೋಟ ಹುಡುಕಿ ತಂದಳು. ಅಂಚು ನೆಗ್ಗಿತ್ತು. ಹುಣಸೆಹಣ್ಣು ಹಚ್ಚಿ ತಿಕ್ಕಿದಾಗ ತಳದಲ್ಲಿ ತಮ್ಮನ ಹೆಸರು ಕಾಣಿಸಿತು: ಧಮ್ಮಪಾಲ.

ನಿಜಾಮರ ಕಾಲದಲ್ಲಿ ಆ ಅಂಗಡಿ ಶುರು ಮಾಡಿದವನು ಜಿಜಾಬಾಯಿಯ ಮಾವ. ಅವನ ನಂತರ ಅವಳ ಗಂಡ. ಗಂಡನೂ ಹೋದ ಮೇಲೆ ಜಿಜಾಬಾಯಿಯೇ ಮಡಕೆಯ ಮುಂದೆ ಕೂತಳು. ಕುಡಿಯುವವರು ತಳದಲ್ಲಿ ಹೆಸರು ಕೆತ್ತಿಸಿದ ತಮ್ಮ ತಮ್ಮ ಲೋಟ ತಂದು ಅವಳ ಕಟ್ಟೆಯ ಮೇಲೆ ಇಡಬೇಕಿತ್ತು. ನಮ್ಮ ಓಣಿಯ ಲೋಟಗಳೂ ಊರವರ ಲೋಟಗಳೂ ಒಂದೇ ಕಟ್ಟೆಯ ಮೇಲೆ. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ.

ಅವಳದು ಇನ್ನೊಂದು ಕಟ್ಟಳೆಯಿತ್ತು. ಗಂಡನ ಕುಡಿತ ಹೆಚ್ಚಾಯಿತು ಎನಿಸಿದರೆ ಹೆಂಡತಿ ಬಂದು ಅವನ ಲೋಟ ಬೋರಲು ಹಾಕಿ ಹೋಗುತ್ತಿದ್ದಳು. ಮಾತಿಲ್ಲ, ಜಗಳವಿಲ್ಲ. ಹಾಕಿದವಳೇ ಬಂದು ಎತ್ತುವವರೆಗೆ ಆ ಗಂಡಸಿಗೆ ಒಂದು ಹನಿಯೂ ಇಲ್ಲ.

"ನನ್ನ ಕೈಯಾಗ ಏನದ ಅಪ್ಪಾ? ನಿನ್ನ ಹೆಸರು ಮುಗಿಲು ನೋಡಾಕತ್ತದ. ಮನಿಗೆ ಹೋಗಿ ಆಕಿ ಕಾಲು ಹಿಡಿ," ಎಂದು ಜಿಜಾಬಾಯಿ ನಕ್ಕು, ಅವನ ಮಕ್ಕಳಿಗೆಂದು ಒಂದು ಹಿಡಿ ಪುಟಾಣಿ ಕೊಟ್ಟು ಕಳಿಸುತ್ತಿದ್ದಳು.

ಅವಳಿಗೆ ಮಕ್ಕಳಿರಲಿಲ್ಲ. ಅವಳ ನಂತರ ಅಂಗಡಿ ಊರ ಸಾವುಕಾರ ಮಹಾರುದ್ರಪ್ಪನ ಕೈಗೆ ಬಂತು. ಸೇಂದಿ ಹೋಗಿ ಸರಾಯಿ ಬಂತು. ಹೆಸರು, ಕಟ್ಟೆ, ಲೋಟ ಹಾಗೇ ಉಳಿದವು. ಒಂದು ಸಂಜೆ ಸುಜಾತಾ ಧಮ್ಮಪಾಲನ ಲೋಟ ಬೋರಲು ಹಾಕಿ ತಿರುಗುವಷ್ಟರಲ್ಲಿ ಮಹಾರುದ್ರಪ್ಪ ಅದನ್ನು ಎತ್ತಿ ತುಂಬಿದ.

"ಇದೇನು ನಿನ್ನ ಅಡಗಿಮನಿ ಏನ, ಡಬ್ಬ ಹಾಕಿ ಹೋಗಾಕ? ಏ ಧಮ್ಮಾ, ಕುಡಿಯೋ. ಗಂಡಸು ಹ್ಯಾಂಗ ಕುಡೀತಾನಂತ ನಿನ್ನ ಹೇಣ್ತಿ ನೋಡಲಿ!"

ಕೂತವರೆಲ್ಲ ನಕ್ಕರು. ಆ ನಗೆಗಾಗಿ ನನ್ನ ತಮ್ಮ ಕುಡಿದ. ಇವನು ಮತ್ತೆ ತುಂಬಿದ, ಅವನು ಮತ್ತೆ ಕುಡಿದ. ಮನೆಗೆ ಬರುವ ದಾರಿಯಲ್ಲಿ ಲಾರಿ ಹಾಯ್ದು ಸತ್ತ. ಆಮೇಲೆ ಊರಿನ ಯಾವ ಹೆಂಗಸೂ ಲೋಟ ಬೋರಲು ಹಾಕಲಿಲ್ಲ.

ಹುಮನಾಬಾದಿನ ಶಾಲೆಯಲ್ಲಿ ಜೀವನವಿಡೀ ಮಕ್ಕಳಿಗೆ ಕ್ಷಮೆಯ ಪಾಠ ಹೇಳಿದವಳು ನಾನು. ಮಹಾರುದ್ರಪ್ಪನನ್ನು ಮಾತ್ರ ಕ್ಷಮಿಸಿಲ್ಲ.

ಅಂಗಡಿ ಕೆಡವಿದ ಮೇಲೆ ಅವನೇ ನಮ್ಮ ಮನೆಗೆ ಬಂದ. ಹೊಸ ಅಂಗಡಿಗೆ ಕಾಯ್ದೆ ಕೇಳುವಂತೆ ಶಾಲೆ, ಗುಡಿ, ದೊಡ್ಡ ರಸ್ತೆ ಮೂರರಿಂದಲೂ ದೂರವಿರುವ ಖಾಲಿ ಜಾಗ ಊರಲ್ಲಿ ಸುಜಾತಾಳದು ಮಾತ್ರ. ಅದು ಸಿಗದಿದ್ದರೆ ಅವನ ಪರವಾನಗಿ ಕೈತಪ್ಪುತ್ತಿತ್ತು. ಹೆಂಗಸರ ಮನಸ್ಸು ಕರಗಲೆಂದು ಸೊಸೆ ವರ್ಷಾಳನ್ನೂ ಕರೆತಂದಿದ್ದ. ಎಂದೂ ನಮ್ಮ ಓಣಿಯ ನೀರು ಮುಟ್ಟದವನು ಚಹಾಕ್ಕೆ ಒಲ್ಲೆ ಅನ್ನಲಿಲ್ಲ. ತನ್ನ ಕಾಲಿನ ಧೂಳು ಹತ್ತೀತೆಂದು ಕೌದಿಯ ಅಂಚಿಗೆ ಸರಿದು ಕೂತ. ಅದು ನನ್ನ ಕಣ್ಣಿಗೆ ಬಿತ್ತು, ಬೀಳದಿದ್ದರೆ ಚೆನ್ನಾಗಿತ್ತು.

"ಹಳೇದೆಲ್ಲ ಬಿಡ್ರಿ ಅಕ್ಕೋರೆ. ಅಂವನ ಹಣೇಬರಹ."

"ಹಣ್ಯಾಗ ಗಲಾಸ ತುಂಬಿದವರ ಹೆಸರೂ ಬರದಿತ್ತೇನ್ರಿ?" ಎಂದೆ.

ಅಷ್ಟರಲ್ಲಿ ಸುಜಾತಾ ಚಹಾ ತಂದಳು. ವರ್ಷಾಳಿಗೆ ಒಂದು ಕಪ್ಪು, ನನಗೊಂದು. ಅವನ ಮುಂದೆ ಆ ಹಿತ್ತಾಳೆ ಲೋಟವನ್ನು ಬೋರಲು ಹಾಕಿದಳು.

ಅವನು ಹೆಸರು ಓದಿದ. ತುಟಿ ಅಲುಗಿತು. ಹಳೆಯ ಚಾಳಿಯೋ ಏನೋ, ಕೈ ಲೋಟದ ಕಡೆ ಹೋಯಿತು.

"ಮಾವಾ, ಅದಕ್ಕ ಕೈ ಹಚ್ಚಬ್ಯಾಡ್ರಿ," ಎಂದಳು ವರ್ಷಾ.

"ನೀ ಸುಮ್ಮ ಕೂಡು!"

"ಸುಮ್ಮ ಕೂತೇ ಇಲ್ಲೀತನಕ ಬಂದದ. ನಿಮ್ಮ ಮಗ ನಿನ್ನೆ ಮನಿಗೆ ಹ್ಯಾಂಗ ಬಂದ್ರಂತ ಇವರ ಮುಂದ ಹೇಳ್ಲೇನ್ರಿ?"

ಅವನ ಕೈ ನಡುವೆಯೇ ನಿಂತಿತು.

"ತಂಗೀ, ಮನಿಗೆ ಬಂದವಗ ಒಂದು ಗುಟುಕು ಚಹಾನೂ ಇಲ್ಲೇನವಾ?"

"ಹಾಕಿದಾಕೀನೇ ಎತ್ತಬೇಕು, ಸಾವುಕಾರ್ರಿ. ಹಾಕಿದಾಕಿ ನಾನು. ನಾ ಎತ್ತಂಗಿಲ್ಲ," ಎಂದಳು ಸುಜಾತಾ. "ಆ ಜಾಗಾದಾಗ ಆಡು ಕಟ್ತೀನಿ. ಹಿಕ್ಕಿ ಬೀಳಲಿ. ನಿಮ್ಮ ಅಂಗಡಿ ಬ್ಯಾಡ."

ಅವನು ಎದ್ದ. ಹೊಸ್ತಿಲಾಚೆ ಕಾಲಿಗೆ ಚಪ್ಪಲಿ ಸಿಗದೆ ತಡವರಿಸಿದ. ಸರಿಸಿ ಕೊಡಲು ನನ್ನ ಕೈ ಮುಂದಾಯಿತು. ಹಿಂದಕ್ಕೆ ಎಳೆದುಕೊಂಡೆ.

ವರ್ಷಾ ಹಿಂದೆ ಉಳಿದು ಸುಜಾತಾಳ ಕಡೆ ತಿರುಗಿದಳು. "ಕಾಕೂ, ಆ ಗಲಾಸ ನನಗ ಕೊಡ್ತೀರೇನ್ರಿ?"

"ಎಲ್ಲಿ ಇಡ್ತೀ?"

"ಉಣ್ಣಾಕ ಕೂಡೋ ಕಡಿ, ಎದುರಿನ ಗ್ವಾಡಿ ಮಾಡದಾಗ. ಡಬ್ಬ ಹಾಕಿ."

"ನಿನ್ನ ಗಂಡ ರಾಜೀವಗ ಕಾಣ್ಲಂತೇನ?"

"ಅಪ್ಪ ಮಗ ಇಬ್ಬರೂ ಅಲ್ಲೇ ಉಣ್ತಾರ್ರಿ."

ಸುಜಾತಾ ಹಳೆಯ ಸೀರೆಯ ತುಂಡಿನಲ್ಲಿ ಲೋಟ ಸುತ್ತಿ, ನೆಗ್ಗಿದ ಅಂಚು ತಾಗದಂತೆ ಜೋಪಾನವಾಗಿ ಅವಳ ಕೈಗಿತ್ತಳು.

ಪರವಾನಗಿ ಹೋಯಿತು. ಜಾಗದಲ್ಲಿ ಆಡುಗಳಿವೆ. ಮೊನ್ನೆ ಹುಮನಾಬಾದಿನ ಬಸ್ಸಿನಲ್ಲಿ ವರ್ಷಾ ಸಿಕ್ಕಿದ್ದಳು. ರಾಜೀವ ದಿನ ಬಿಟ್ಟು ದಿನ ಮಾತ್ರ ಕುಡಿಯುತ್ತಾನಂತೆ. ಮಹಾರುದ್ರಪ್ಪ ಈಗ ಗೋಡೆಯ ಆ ಮಾಡಕ್ಕೆ ಬೆನ್ನು ಹಾಕಿ ಉಣ್ಣುತ್ತಾನಂತೆ.

ಮನೆಗೆ ಬಂದು ಸುಜಾತಾಳಿಗೆ ಹೇಳಿದೆ. ಅವಳು ಆಡಿನ ಮರಿಗೆ ಬೇವಿನ ಸೊಪ್ಪು ಹಾಕುತ್ತಿದ್ದಳು. ತಲೆ ಎತ್ತಲಿಲ್ಲ.

"ಅಂವ ಈಗ ಮುಖ ಮಾಡಿ ಕೂಡೋ ಗ್ವಾಡಿಗೂ ಒಂದು ಮಾಡ ಅದ ಏನ ಅಕ್ಕಾ, ಕೇಳಬೇಕಿತ್ತು," ಎಂದಳು.