ಒಲೆ ಏರದ ಮರಿಗೆ

ನಾನು ಒಂದು ಮರಿಗೆ. ಹಲಸಿನ ಮರದ ತುಂಡನ್ನು ಕೊರೆದು ಮಾಡಿದ, ಅಗಲ ಬಾಯಿಯ ಪಾತ್ರೆ. ನನ್ನನ್ನು ಒಲೆಯ ಮೇಲೆ ಇಡುವಂತಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅದೊಂದು ಕೊರತೆ ಎನ್ನುವವರು ಬೇಕಾದಷ್ಟು ಜನರಿದ್ದಾರೆ. ನಾನು ಒಪ್ಪುವುದಿಲ್ಲ.

ನನ್ನನ್ನು ಕೊರೆದವರು ಅರಸೀಕೆರೆಯ ಕಾಳಾಚಾರ್. ಉಳಿಯ ಗುರುತು ಕಾಣದಂತೆ ಒಳಮೈಯನ್ನು ಉಜ್ಜಿದರು. ಎಣ್ಣೆ ಸವರಿ, ಮಜ್ಜಿಗೆ ತುಂಬಿಸಿಟ್ಟು, ಮರದ ಒಗರು ಹೋಗಿದೆಯೇ ಎಂದು ಮೂಸಿ ನೋಡಿದ ಮೇಲೆಯೇ ಅಲಮೇಲಮ್ಮನವರ ಕೈಗೆ ಕೊಟ್ಟರು.

ಅಲಮೇಲಮ್ಮನವರ ಅಡುಗೆಮನೆಯಲ್ಲಿ ನನ್ನ ಜಾಗ ಮೂಲೆಯಲ್ಲಿತ್ತು. ಹಿತ್ತಾಳೆಯ ಕೊಳದಪ್ಪಲೆಗಳು ಕುದಿದು, ಉಕ್ಕಿ, ಮನೆಯವರನ್ನೆಲ್ಲ ಓಡಾಡಿಸುತ್ತಿದ್ದವು. ನನ್ನಲ್ಲಿ ಅವಲಕ್ಕಿ ನೆನೆಯುತ್ತಿತ್ತು, ಹೆಸರುಬೇಳೆ ನೆನೆಯುತ್ತಿತ್ತು. ನೆನೆಯುವುದು ಸದ್ದಿಲ್ಲದ ಕೆಲಸ. ಅದನ್ನು ಅಡುಗೆಯೆಂದು ಆ ಮನೆಯಲ್ಲಿ ಯಾರೂ ಕರೆಯುತ್ತಿರಲಿಲ್ಲ.

ಸೊಸೆ ವಸುಮತಿ ಬಂದು, ಮುಂದಿನ ಹಾಲ್‌ನಲ್ಲಿ ಶಿಶುವಿಹಾರ ತೆರೆದ ಮೇಲೆ ನನ್ನ ದಿನಗಳು ಬದಲಾದವು. ವಸುಮತಿ ಗೇಟಿನ ಚಿಲಕ ಹಾಕಿ, ನಾಲ್ಕು ಹೆಜ್ಜೆ ಹೋಗಿ, ಮತ್ತೆ ಬಂದು ಮುಟ್ಟಿ ನೋಡುವ ಹೆಂಗಸು. ಮಕ್ಕಳಿಗೆ ಅಡುಗೆ ಕಲಿಸಬೇಕೆಂಬ ಆಸೆ, ಬೆಂಕಿಯ ಭಯ, ಎರಡೂ ಅವಳಿಗೆ ಇದ್ದವು. ಅದಕ್ಕೇ ಶನಿವಾರದ ಪಾಠಕ್ಕೆ ಒಲೆ ಬೇಡದ ತಿಂಡಿಗಳನ್ನೇ ಆರಿಸಿಕೊಂಡಳು: ಕೋಸಂಬರಿ, ಪಾನಕ, ಬಾಳೆಹಣ್ಣಿನ ರಸಾಯನ, ಸಿಹಿ ಅವಲಕ್ಕಿ. ಅತ್ತೆಯನ್ನು ಕೇಳಿ ನನ್ನನ್ನು ಹಾಲ್‌ಗೆ ಎತ್ತಿಕೊಂಡು ಬಂದಳು.

ರಾಮನವಮಿಯ ದಿನ ಮಕ್ಕಳು ಮಾಡಿದ ಕೋಸಂಬರಿಯನ್ನೇ ನೈವೇದ್ಯಕ್ಕೆ ಇಡುವುದೆಂದು ಅಲಮೇಲಮ್ಮ ಒಪ್ಪಿದ್ದರು. ನೈವೇದ್ಯದ ಅಡುಗೆಯ ರುಚಿ ನೋಡುವಂತಿಲ್ಲ. ಉಪ್ಪನ್ನು ಕೈಯಂದಾಜಿನಲ್ಲೇ ಹಾಕಬೇಕು. ನಾಲ್ಕು ವರ್ಷದ ಇಂಪನಳಿಗೆ ಕೈಯಂದಾಜು ಎಲ್ಲಿಂದ ಬರಬೇಕು? ಉಪ್ಪು ಸಾಕೋ ಇಲ್ಲವೋ ನೋಡಲು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡಳು, ಅದೇ ಬೆರಳಿನಿಂದ ಮತ್ತೆ ಕಲಸಿದಳು. ಅಲಮೇಲಮ್ಮ ಬಾಗಿಲಲ್ಲೇ ನಿಂತಿದ್ದರು.

"ಹಿತ್ತಾಳೆಯಾಗಿದ್ದರೆ ಹುಣಸೆಹಣ್ಣು ಹಾಕಿ ತಿಕ್ಕಿ, ಕೆಂಡ ತೋರಿಸಬಹುದಿತ್ತು. ಮರ ಎಂಜಲನ್ನ ಕುಡಿದುಬಿಡುತ್ತೆ ಕಣೆ. ಇನ್ನು ಇದು ಒಳಗೆ ಬರಕೂಡದು" ಎಂದರು.

"ಸರಿ ಅತ್ತೆ. ಹಾಗಾದರೆ ಇದು ಮಕ್ಕಳದ್ದೇ" ಎಂದಳು ವಸುಮತಿ.

ಅಂದಿನಿಂದ ನನಗೆ ಎಂಜಲು ಮರಿಗೆ ಎಂಬ ಹೆಸರು ಬಂತು. ಅಲಮೇಲಮ್ಮ ಕೊನೆಯವರೆಗೂ ನನ್ನನ್ನು ಒಳಗೆ ಸೇರಿಸಲಿಲ್ಲ. ಸೇರಿಸಲಿ ಎಂದು ನಾನು ಕಾಯಲೂ ಇಲ್ಲ.

ಮರುವರ್ಷ ಸುಹಾಸ್ ಎಂಬ ಹುಡುಗ ಸೇರಿದ. ಮನೆಯಲ್ಲಿ ಕಾದ ಹಾಲಿನ ಪಾತ್ರೆಯನ್ನು ಎಳೆದುಕೊಂಡು ಬಲಗೈ ಸುಟ್ಟುಕೊಂಡಿದ್ದ. ಗಾಯ ಮಾದಿತ್ತು, ಕೈಯೂ ಸರಿಯಾಗಿಯೇ ಇತ್ತು. ಆದರೆ ಪಾತ್ರೆ ಕಂಡರೆ ಎರಡೂ ಕೈಗಳನ್ನು ಕಂಕುಳಲ್ಲಿ ಸೇರಿಸಿಕೊಂಡುಬಿಡುತ್ತಿದ್ದ. ನೀರಿನ ಲೋಟವನ್ನೂ ಅಂಗಿಯ ಅಂಚಿನಲ್ಲಿ ಹಿಡಿಯುತ್ತಿದ್ದ. ಅವನ ತಾಯಿ ರೇವತಿ ಸೇರಿಸುವ ದಿನವೇ ಕಟ್ಟುನಿಟ್ಟಾಗಿ ಹೇಳಿದ್ದಳು: ಶನಿವಾರದ ಅಡುಗೆಯ ಹತ್ತಿರ ಇವನನ್ನು ಬಿಡಬಾರದು, ಬಿಟ್ಟದ್ದು ಕಂಡರೆ ಅಂದೇ ಸ್ಕೂಲು ಬಿಡಿಸುತ್ತೇನೆ. ಬಲವಂತ ಮಾಡುವುದಿಲ್ಲ, ಆದರೆ ಅವನಾಗಿಯೇ ಬಂದರೆ ಬೇಡ ಎನ್ನಲಾರೆ ಎಂದು ವಸುಮತಿ ಉತ್ತರಿಸಿದ್ದಳು. ರೇವತಿಗೆ ಅದು ಹಿಡಿಸಲಿಲ್ಲ. ಊರಿನಲ್ಲಿ ಆ ವಯಸ್ಸಿನ ಮಗುವನ್ನು ಸೇರಿಸಿಕೊಳ್ಳುವ ಬೇರೆ ಜಾಗ ಹತ್ತಿರದಲ್ಲಿ ಇರಲಿಲ್ಲವಾದ್ದರಿಂದ ಸುಮ್ಮನಾದಳು.

ಮೊದಲ ಶನಿವಾರ ಸುಹಾಸ್ ಹೊಸ್ತಿಲ ಬಳಿ ಕೂತ. ಆಮೇಲಾಮೇಲೆ ಕಿಟಕಿಯ ತನಕ ಬಂದ. ಇಂಪನ "ಹೆದರುಪುಕ್ಲ" ಎಂದು ಛೇಡಿಸಿದ ದಿನ ಮತ್ತೆ ಹೊಸ್ತಿಲಿಗೆ ಹೋದ. ನಾನು ಅವನ ಕೈಗಳನ್ನೇ ನೋಡುತ್ತಿದ್ದೆ. ಮುಷ್ಟಿ ಬಿಗಿಯಾದಾಗ ನನಗೂ ಬಿಗಿಯಾದಂತಾಗುತ್ತಿತ್ತು.

ಸಿಹಿ ಅವಲಕ್ಕಿ ಮಾಡಿದ ದಿನ ಮೋಡ ಮುಚ್ಚಿತ್ತು. ಮೊದಲು ಬೆಲ್ಲದ ಪುಡಿಗೆ ಕಾಯಿತುರಿ ಹಾಕಿ ಕಿವುಚಬೇಕು. ಬೆಲ್ಲ ಕರಗಿ ತಾನೇ ಒದ್ದೆಯಾಗುತ್ತದೆ, ಆಮೇಲೆ ತೆಳು ಅವಲಕ್ಕಿ ಹಾಕಿದರೆ ಅದರಲ್ಲೇ ನೆನೆಯುತ್ತದೆ. ಅವತ್ತು ಒಂದು ಬೆಲ್ಲದ ಗಂಟು ಕರಗದೆ ಉಳಿದುಕೊಂಡಿತು. ಒಬ್ಬರಾದ ಮೇಲೆ ಒಬ್ಬರು ಒತ್ತಿ ನೋಡಿ, ಸಾಕಾಗಿ ಬಿಟ್ಟರು.

ಸುಹಾಸ್ ಎದ್ದು ಬಂದ. ಹಾಲು ಬಿಸಿಯಿದೆಯೇ ಎಂದು ನೋಡುವವರಂತೆ ಹಿಂಗೈಯನ್ನು ನನ್ನ ಹೊರಮೈಗೆ ತಾಗಿಸಿದ. ಥಟ್ಟನೆ ತೆಗೆದ. ಮತ್ತೆ ತಾಗಿಸಿದ. ಆಮೇಲೆ ಒಂದು ಬೆರಳನ್ನು ಅಂಚಿನ ಮೇಲಿಟ್ಟ. ಆಮೇಲೆ ಇಡೀ ಕೈಯನ್ನು ಒಳಗೆ ಹಾಕಿದ. ಅಷ್ಟರಲ್ಲಿ ರೇವತಿ ಬಂದಳು, ಸ್ಕೂಲು ಬಿಡುವುದಕ್ಕೆ ಇನ್ನೂ ಹೊತ್ತಿರುವಾಗಲೇ. ಮಗನ ತೋಳು ಹಿಡಿದು ನನ್ನಿಂದ ಎಳೆದಳು.

"ಮಿಸ್, ನಾನು ಏನು ಹೇಳಿದ್ದೆ ನಿಮಗೆ?"

"ಹೇಳಿದ್ದಿರಿ. ನಾನು ಕರೆಯಲಿಲ್ಲ, ಅವನೇ ಬಂದ" ಎಂದಳು ವಸುಮತಿ. ತಪ್ಪಾಯಿತು ಎಂದು ಮಾತ್ರ ಹೇಳಲಿಲ್ಲ. ಸೋಮವಾರದಿಂದ ಕಳಿಸುವುದಿಲ್ಲ ಎಂದು ರೇವತಿ ಚೀಲ ಹುಡುಕತೊಡಗಿದಳು. ಸುಹಾಸ್ ಬೆಲ್ಲ ಮೆತ್ತಿದ ಕೈಯಲ್ಲಿ ಅವಳ ಸೀರೆ ಹಿಡಿದ.

"ಅಮ್ಮ, ಇದು ಸುಡಲ್ಲ. ನೀನೂ ಕೈ ಹಾಕು."

ರೇವತಿ ಚೀಲ ಹುಡುಕುವುದನ್ನು ಬಿಟ್ಟು ನನ್ನತ್ತ ತಿರುಗಿದಳು.

"ಆಂಟಿ, ಚಪ್ಪಲಿ ಬಿಟ್ಟು ಬರ್ಬೇಕು. ಇದು ಅಡುಗೆಮನೆ" ಎಂದಳು ಇಂಪನ.

ರೇವತಿ ತನ್ನ ಕಾಲು ನೋಡಿಕೊಂಡಳು. ಹೊರಗೆ ಹೋದಳು. ಹಾಗೇ ಹೊರಟುಹೋಗುತ್ತಾಳೆಂದೇ ನಾನು ಅಂದುಕೊಂಡೆ. ಚಪ್ಪಲಿ ಕಳಚಿ, ಕೈ ತೊಳೆದು ಬಂದು ನನ್ನೆದುರು ಕೂತಳು. ಅವಳ ಕೈ ನನ್ನ ಅಂಚಿನ ಮೇಲೆ ಬಂದು ನಿಂತುಬಿಟ್ಟಿತು. ಕೆಳಗಿದ್ದ ನನಗೆ ಮಾತ್ರ ಕಂಡಿತು: ಮಣಿಕಟ್ಟಿನ ಒಳಬದಿಯಲ್ಲಿ ಅವಳಿಗೂ ಸುಟ್ಟ ಕಲೆಯಿತ್ತು. ಮಗ ಕೈ ಸುಟ್ಟುಕೊಂಡ ದಿನ ಉರುಳುತ್ತಿದ್ದ ಹಾಲಿನ ಪಾತ್ರೆಯನ್ನು ಅವಳು ಬರಿಗೈಯಲ್ಲಿ ತಡೆದಿರಬೇಕು.

"ಹಾಗಲ್ಲಮ್ಮ. ಕಿವುಚಬೇಕು" ಎಂದು ಸುಹಾಸ್ ಅವಳ ಕೈಯನ್ನು ಒಳಗೆ ಒತ್ತಿದ.

ಇಬ್ಬರೂ ಸೇರಿ ಗಂಟು ಕರಗಿಸಿದರು. ಅವನು ಬೆರಳು ನೆಕ್ಕಿ, ಅದೇ ಬೆರಳನ್ನು ಮತ್ತೆ ನನ್ನಲ್ಲಿ ಹಾಕಿದ. ಒಳಬಾಗಿಲಲ್ಲಿ ಅಲಮೇಲಮ್ಮ "ಎಂಜಲು" ಎಂದು ಗೊಣಗಿ ಒಳಗೆ ಹೋದರು. ಸೋಮವಾರ ಸುಹಾಸ್ ಸ್ಕೂಲಿಗೆ ಬಂದ.

ಈಗ ಅವನಿಗೆ ಮೀಸೆ ಮೂಡುತ್ತಿದೆಯಂತೆ. ಅಲಮೇಲಮ್ಮ ತೀರಿಕೊಂಡರು. ಅವರ ಕೊಳದಪ್ಪಲೆಗಳು ಗಾಜಿನ ಬೀರುವಿನೊಳಗೆ ಹೊಳೆಯುತ್ತಾ ಕೂತಿವೆ, ಯಾರೂ ಅವನ್ನು ಮುಟ್ಟುವುದಿಲ್ಲ. ನನ್ನ ಅಂಚು ತಳದ ತನಕ ಸೀಳುಬಿಟ್ಟಿದೆ. ಬೇಳೆ ನೆನೆಹಾಕಿದರೆ ನೀರು ನಿಲ್ಲುವುದಿಲ್ಲ. ಒಣ ತಿಂಡಿ ಕಲಸಲು ಮಾತ್ರ ಸಲ್ಲುತ್ತೇನೆ, ಅಂದರೆ ಚುರುಮುರಿಗೆ. ಹೊಸದಾಗಿ ಬಂದ ಟೀಚರ್ ನನ್ನಲ್ಲಿ ಮಣ್ಣು ತುಂಬಿ ಗಿಡ ನೆಡೋಣ ಎಂದಿದ್ದಾಳೆ, ನೋಡಲು ಚೆನ್ನಾಗಿರುತ್ತದಂತೆ. ವಸುಮತಿಯ ಕೂದಲು ಬೆಳ್ಳಗಾಗಿದೆ. ಅವಳು ಇನ್ನೂ ಏನೂ ಹೇಳಿಲ್ಲ.

ನನ್ನ ಮಾತು ನಾನು ಹೇಳುತ್ತೇನೆ. ಮೊನ್ನೆ ಸೇರಿದ ಒಂದು ಹೆಣ್ಣುಮಗು ಕಿಟಕಿಯ ಬಳಿಯೇ ನಿಂತಿರುತ್ತದೆ, ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಕಣ್ಣು ನನ್ನ ಮೇಲೆ ಇಟ್ಟುಕೊಂಡು. ಅದಕ್ಕೆ ಏನಾಗಿದೆಯೋ ನನಗೆ ಗೊತ್ತಿಲ್ಲ. ಅದು ಬಂದು ಕೈ ಹಾಕುವ ತನಕ ನನ್ನನ್ನು ಇಲ್ಲಿಂದ ಯಾರೂ ಎತ್ತಕೂಡದು.