ಕಿಟಕಿಯ ವೈರು

“ಏ ಮುದುಕಿ, ಹಿಂದಕ ಸರಿ! ಕಟ್ಟಿ ಮುಟ್ಟಬ್ಯಾಡ. ಅಲ್ಲೇ ಅಂಗಳದಾಗ ನಿಂತು ಕೈ ಚಾಚು. ವೈರು ಅಲ್ಲೀತನ ಬರತೈತಿ.”

ಗವಿಸಿದ್ದೇಶ ತನ್ನ ಮನೆಯ ಕಿಟಕಿಯ ಸರಳುಗಳ ನಡುವಿನಿಂದ ಹೆಬ್ಬೆಟ್ಟಿನ ಗುರುತು ಹಿಡಿಯುವ ಡಬ್ಬಿಯನ್ನು ಹೊರಗೆ ಇಳಿಬಿಟ್ಟ, ಬಾವಿಗೆ ಕೊಡ ಇಳಿಸಿದ ಹಾಗೆ. ಅದು ಉದ್ದನೆಯ ಕರಿ ವೈರಿನ ತುದಿಯಲ್ಲಿ ತೂಗಾಡುತ್ತ ನನ್ನ ಅತ್ತೆ ಪಾರಮ್ಮನ ಎದೆಮಟ್ಟಕ್ಕೆ ಬಂದು ನಿಂತಿತು. ವೈರಿನ ಇನ್ನೊಂದು ತುದಿಯಲ್ಲಿ, ಒಳಗೆ, ಕಂಪ್ಯೂಟರಿನ ಮುಂದೆ ಕೂತವಳು ನಾನು.

ಅತ್ತೆ ಹೆಬ್ಬೆಟ್ಟಿಟ್ಟಳು. ಡಬ್ಬಿ ಜಾರಿತು. ಪರದೆಯ ಮೇಲೆ ಕೆಂಪು ಗೆರೆ ಬಂತು. ಮತ್ತೆ ಇಟ್ಟಳು. ಮತ್ತೆ ಕೆಂಪು.

“ಹೆಬ್ಬೆಟ್ಟು ಐತೋ ಎಮ್ಮಿ ಗೊರಸು ಐತೋ ಇದು?” ಅಂದ ಗವಿಸಿದ್ದೇಶ. ಕಟ್ಟೆಯ ನೆರಳಿನಲ್ಲಿ ಸಾಲುಗಟ್ಟಿದ್ದ ಮೇಲೋಣಿಯವರು ನಕ್ಕರು. “ಜೋರ್ ಒತ್ತಬೇ!”

“ಒತ್ತಾಕತ್ತೀನ್ರೀ ಎಪ್ಪಾ. ಇದು ಜೋಕಾಲಿ ಆಡಿದಂಗ ಆಡತೈತಿ. ಯಾರರ ಒಂದೀಟು ಹಿಡೀರಿ.”

“ಯಾರು ಹಿಡೀಬೇಕು? ನಾ ಬಂದು ಹಿಡೀಬೇಕೇನು ನಿನ್ನ ಕೈನ?”

ನಾನು ಅರ್ಧ ಎದ್ದೆ. “ನಾ ಹೋಗಿ ಹಿಡೀತೀನ್ರಿ ಅಣ್ಣಾರ.”

“ಕುಂದ್ರು ನೀ. ನೀ ಹ್ವಾದ್ರ ಇಲ್ಲಿ ಬಟನ್ ನಿಮ್ಮಪ್ಪ ಒತ್ತತಾನೇನು?”

ಕೂತೆ. ಇನ್ನೊಮ್ಮೆ ಕೆಂಪು ಬಂತು. ಗವಿಸಿದ್ದೇಶ ಡಬ್ಬಿಯನ್ನು ಮೇಲಕ್ಕೆಳೆದುಕೊಂಡು ಸ್ಯಾನಿಟೈಜರ್ ಹಚ್ಚಿದ ಅರಳೆಯಿಂದ ಒರೆಸಿದ. ಮೇಲೋಣಿಯ ಮುಂದಿನವನು ಒಳಗೆ ಬಂದು ಮೇಜಿನ ಮೇಲೆ ನೆಟ್ಟಗೆ ಹೆಬ್ಬೆಟ್ಟಿಟ್ಟ. ಹಸಿರು ಬಂತು. ಅತ್ತೆ ಬರಿ ಚೀಲ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಹೋದಳು. ಹೋಗುವಾಗ ನನ್ನ ಕಡೆ ನೋಡಲಿಲ್ಲ.

ನಮ್ಮೂರಿಗೆ ಇರುವುದು ಒಂದೇ ರೇಷನ್ ಅಂಗಡಿ. ಅದರ ಲೈಸೆನ್ಸು ನಮ್ಮ ಕೇರಿಯ ಹೆಣ್ಣುಮಕ್ಕಳ ಸಂಘದ್ದು. ಸಂಘಕ್ಕೆ ನಮ್ಮ ದೇವಿ ಹುಲಿಗೆವ್ವನ ಹೆಸರಿಟ್ಟಿದ್ದೇವೆ. ಪಿಯುಸಿ ಓದಿದವಳು ಅಂತ ಅಂಗಡಿಯನ್ನು ನನಗೆ ಒಪ್ಪಿಸಿದರು. ಬೆಳಿಗ್ಗೆ ಕಂಪ್ಯೂಟರಿನಲ್ಲಿ ಸರಕಾರದ ಪೋರ್ಟಲ್ ತೆರೆಯಬೇಕಾದರೆ ಮೊದಲು ನನ್ನ ಹೆಬ್ಬೆಟ್ಟು ಬೀಳಬೇಕು. ಆಮೇಲೆಯೇ ಊರಿನವರ ಹೆಬ್ಬೆಟ್ಟು, ಊರಿನವರ ಅಕ್ಕಿ.

ಹೋದ ತಿಂಗಳವರೆಗೆ ಅಂಗಡಿ ಕೇರಿಯಲ್ಲೇ ಇತ್ತು. ಮೊದಮೊದಲು ಮೇಲೋಣಿಯವರು ಮೂಗಿಗೆ ಬಟ್ಟೆ ಹಿಡಿದು ಬಂದರು. ಬರಬರುತ್ತ ಬಟ್ಟೆ ಇಳಿಯಿತು. ಗವಿಸಿದ್ದೇಶನ ಅಪ್ಪ ಅಂದಪ್ಪಗೌಡರಿಗೂ ಬಡವರ ಕಾರ್ಡಿದೆ. ದಾಳಿಂಬೆ ತೋಟವೂ ಇದೆ, ಕಾರ್ಡೂ ಇದೆ. ಅವರೂ ಮಧ್ಯಾಹ್ನ ಜನ ಕಡಿಮೆಯಾದ ಹೊತ್ತು ನೋಡಿ ಬಂದು, ಬಾಗಿಲಲ್ಲೇ ಚಪ್ಪಲಿ ಬಿಡದೆ ನಿಂತು, ಹೆಬ್ಬೆಟ್ಟು ಕೊಟ್ಟು ಹೋಗುತ್ತಿದ್ದರು.

ನಮ್ಮ ಕೇರಿಯ ಹೆಬ್ಬೆಟ್ಟುಗಳು ಒಂದೇ ಸಲಕ್ಕೆ ಬರುವಂಥವಲ್ಲ. ಗೌಡರ ತೋಟದ ದಾಳಿಂಬೆ ಮುಳ್ಳು, ಗಿಡಕ್ಕೆ ಹೊಡೆಯುವ ಔಷಧಿ, ಎರಡೂ ಸೇರಿ ದೇವರು ಬರೆದ ಗೆರೆಗಳನ್ನು ಅಳಿಸಿಬಿಟ್ಟಿವೆ. ನಾನು ಆ ಕೈಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ತಟಕು ಕೊಬ್ಬರಿ ಎಣ್ಣೆ ತಿಕ್ಕಿ, ನನ್ನ ಅಂಗೈಯೊಳಗೆ ಇಟ್ಟುಕೊಂಡು ಬೆಚ್ಚಗೆ ಮಾಡಿ, ಬೆರಳಿನ ಮೇಲೆ ಬೆರಳಿಟ್ಟು ಮೆಲ್ಲಗೆ ಒತ್ತುತ್ತಿದ್ದೆ. ಒತ್ತುವಾಗ ಮನಸ್ಸಿನಲ್ಲೇ ‘ಹುಲಿಗೆವ್ವಾ’ ಅನ್ನುತ್ತಿದ್ದೆ. ಎಲ್ಲೋ ಒಂದು ಗೆರೆ ಉಳಿದಿರುತ್ತಿತ್ತು. ಹಸಿರು ಬರುತ್ತಿತ್ತು.

ಆ ಕಂಪ್ಯೂಟರು ಕೆಟ್ಟಿರಲಿಲ್ಲ. ಹೇಳಬೇಕಾದ ಮಾತು ಇದು. ಮಂಗಳವಾರ ಮಂಗಳವಾರ ಊದುಬತ್ತಿ ಬೆಳಗಿಸಿಕೊಂಡು, ಕುಂಕುಮ ಹಚ್ಚಿಸಿಕೊಂಡು, ಧೂಳು ಕುಡಿದುಕೊಂಡು ಅದು ತನ್ನ ಪಾಡಿಗೆ ನಡೆಯುತ್ತಿತ್ತು. ಅದರೊಳಗೆ ಇದ್ದದ್ದು ವಿಂಡೋಸ್ ಹತ್ತು. ದಸರೆ ಮುಗಿದ ಮೇಲೆ, ಇನ್ನು ಇದನ್ನು ನಾವು ನೋಡಿಕೊಳ್ಳುವುದಿಲ್ಲ ಅಂತ ಅದನ್ನು ತಯಾರಿಸಿದ ಕಂಪನಿಯವರೇ ಕೈ ತೊಳೆದುಕೊಂಡರಂತೆ. ರೇಷನ್ ಇನ್‌ಸ್ಪೆಕ್ಟರು ಮೋಟರ್‌ಸೈಕಲ್ಲಿನಿಂದ ಇಳಿಯದೆಯೇ ಹೇಳಿದರು.

“ರಕ್ಷಣೆ ಇಲ್ಲದ ಮಶೀನಿನ ಮ್ಯಾಲ ಪೋರ್ಟಲ್ ತೆರೆಯಂಗಿಲ್ಲ. ಬರೋ ತಿಂಗಳಿಂದ ಬಂದ್. ಹೊಸಾದ ತಗೋರಿ.”

“ಸಾಹೇಬ್ರ, ಇದು ಛಲೋ ನಡದೈತ್ರಿ.”

“ನಡದ್ರೇನು? ಹೊರಗಿಂದ ಕಳ್ಳರು ಹೊಕ್ಕರ ಯಾರು ಜವಾಬ್ದಾರಿ?”

ನಮ್ಮ ಮನೆಗಳಿಗೆ ಕದವೇ ನೆಟ್ಟಗಿಲ್ಲ. ಕಳ್ಳರ ಮಾತು ಕೇಳಿ ನಮ್ಮ ಹೆಣ್ಣುಮಕ್ಕಳಿಗೆ ನಗು ಬಂತು. ಇನ್‌ಸ್ಪೆಕ್ಟರಿಗೆ ಬರಲಿಲ್ಲ.

ಮಶೀನನ್ನು ಹಾಸಿಗೆ ಬಟ್ಟೆಯಲ್ಲಿ ಸುತ್ತಿ, ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು, ಬಸ್ಸಿನಲ್ಲಿ ಕುಷ್ಟಗಿಗೆ ಒಯ್ದೆ. ರಿಪೇರಿ ಮಾಡುವ ಜಿಲಾನಿ ಅದರ ಹೊಟ್ಟೆ ಬಿಚ್ಚಿ ನೋಡಿದ.

“ಅಕ್ಕಾ, ಇದರ ಚಿಪ್ಪು ಹಳೇದು. ಹೊಸ ವಿಂಡೋಸ್ ಇದಕ್ಕ ಹತ್ತಂಗಿಲ್ಲ. ಜಬರ್ದಸ್ತಿ ಹತ್ತಿಸಬಹುದು. ಆದ್ರ ಅವರು ಚೆಕ್ ಮಾಡಿದ್ರ ನಿಮ್ಮ ಲೈಸೆನ್ಸು ಖತಂ. ಫುಕಟ್ ಸಿಗೋ ಲಿನಕ್ಸ್ ಅಂತ ಒಂದೈತಿ, ಅದನ್ನ ಹಾಕೂಣಂದ್ರ ನಿಮ್ಮ ಹೆಬ್ಬೆಟ್ಟಿನ ಡಬ್ಬಿ ಅದರ ಮಾತು ಕೇಳಂಗಿಲ್ಲ.”

“ಮತ್ತೇನ ಮಾಡ್ಲೆಪ್ಪ?”

“ಹೊಸಾದ ತಗೋಬೇಕ್ರಿ. ಇಲ್ಲಾಂದ್ರ ಇದರಾಗ ಪಿಚ್ಚರ್ ನೋಡ್ಕೋರಿ.”

ಸಂಘದವರು ಕೂತು ಮಾತಾಡಿದೆವು. ಹೊಸದು ತರುವ ತಾಕತ್ತು ಸಂಘಕ್ಕಿಲ್ಲ. ಜಬರ್ದಸ್ತಿ ಹತ್ತಿಸೋಣ ಅಂತ ಒಬ್ಬಳು, ಲೈಸೆನ್ಸು ಹೋದರೆ ಮೊದಲಿದ್ದ ಹಾಗೆ ಮತ್ತೆ ಗೌಡರ ಮನೆಗೇ ಹೋಗುತ್ತದೆ ಅಂತ ಇನ್ನೊಬ್ಬಳು. ಪಾರಮ್ಮ ಮೂಲೆಯಿಂದ ಕೇಳಿದಳು: “ಸತ್ತಿಲ್ಲ ಅಂತೀರಿ. ಮತ್ತ ಅದ್ಯಾಕ ಮಣ್ಣ ಮಾಡಾಕ ಕುಂತೀರಿ?”

ಅವಳಿಗೆ ಉತ್ತರ ಕೊಡುವ ಮೊದಲೇ ಇನ್‌ಸ್ಪೆಕ್ಟರು ಗೌಡರ ಮನೆಯಲ್ಲಿ ಚಾ ಕುಡಿದು ಬಂದು ದಾರಿ ತೋರಿಸಿದರು. ಗೌಡರ ಮಗ ಗವಿಸಿದ್ದೇಶನ ಹತ್ತಿರ ಹೊಸ ಕಂಪ್ಯೂಟರಿದೆ. ಲೈಸೆನ್ಸು ಸಂಘದ್ದೇ ಇರಲಿ, ಅಕ್ಕಿಚೀಲ ಅವರ ಮನೆಯ ಮುಂದಿನ ಕೋಣೆಗೆ ಹೋಗಲಿ, ಶಿವಲಿಂಗಮ್ಮ, ಅಂದರೆ ನಾನು, ಅಲ್ಲಿಗೇ ಹೋಗಿ ಹೆಬ್ಬೆಟ್ಟು ಕೊಟ್ಟು ನಡೆಸಲಿ.

ಕೇರಿ ಹಸಿಯಬಾರದು ಅಂತ ಒಪ್ಪಿದೆವು. ಒಪ್ಪಿದವಳು ನಾನೇ. ಮುಂಬಾಗಿಲಿಂದಲ್ಲ, ದನದ ಕೊಟ್ಟಿಗೆ ದಾಟಿ ಹಿಂಬಾಗಿಲಿಂದ ಬಾ ಅಂದರು, ಹಾಗೇ ಹೋದೆ. ನನಗೆಂದು ಬೇರೆ ಒಂದು ಸ್ಟೂಲು ತಂದಿಟ್ಟಿದ್ದರು, ಕೂತೆ. ಆಮೇಲೆ ಗವಿಸಿದ್ದೇಶ ಪೊಟ್ಟಣದಿಂದ ಆ ಉದ್ದನೆಯ ವೈರು ತೆಗೆದ. ಕೇರಿಯವರಿಗೆ ಅಂತಲೇ ಗಂಗಾವತಿಯಿಂದ ತರಿಸಿದ್ದು ಅಂದ. ಉಪಕಾರ ಮಾಡಿದವನ ಮುಖವಿತ್ತು ಅವನಿಗೆ.

ಹೀಗೆ ಹೋದದ್ದು ಆ ಮೊದಲ ದಿನ. ಅತ್ತೆಯೊಬ್ಬಳದೇ ಅಲ್ಲ, ಅಂಗಳದಲ್ಲಿ ನಿಂತ ಕೇರಿಯ ಹೆಬ್ಬೆಟ್ಟುಗಳಲ್ಲಿ ಹೆಚ್ಚಿನವು ಬರಲಿಲ್ಲ. ತೂಗಾಡುವ ಡಬ್ಬಿ, ಹಿಡಿಯುವ ಕೈಯಿಲ್ಲ.

ಸಂಜೆ ಅತ್ತೆ ಇದ್ದಬದ್ದ ಜೋಳದ ಹಿಟ್ಟು ಕೆರೆದು ರೊಟ್ಟಿ ತಟ್ಟಿದಳು. ನಾನು ಒಲೆಯ ಮುಂದೆ ಕೂತೆ.

“ಅತ್ತಿ, ನಾಳೆ ಮತ್ತ ಬಾ. ಎಣ್ಣಿ ಹಚ್ಚಿಕೊಂಡ ಬಾ.”

“ಎಣ್ಣಿ ನಾ ಹಚ್ಕೊಂತೀನಿ. ಕೈ ಯಾರು ಹಿಡೀತಾರ?”

ನಾನು ಒಲೆಯೊಳಗೆ ಕಟ್ಟಿಗೆ ದೂಡಿದೆ.

“ಆ ಬಾಡ್ಯಾ ಬೈದದ್ದಕ್ಕ ನನಗೇನೂ ಆಗಿಲ್ಲವ್ವ. ಬೈಸ್ಕೊಂಡ ಬೆಳದ ಚರ್ಮ ಇದು. ನೀ ಸ್ಟೂಲ್ ಬಿಟ್ಟು ಎದ್ದಿ ನೋಡು, ಎದ್ದು ಮತ್ತ ಕುಂತಿ. ಅದು ನೋಡಾಕ ಆಗಲಿಲ್ಲ ನನಗ.” ರೊಟ್ಟಿ ಮಗುಚಿದಳು. “ಅವನ ಮಶೀನು ಹೊಸಾದ ಇರಬಹುದು. ಅದಕ್ಕ ಬೆಳಗಿನ ಕಣ್ಣು ತೆರಸಾಕಿ ಯಾರು?”

ಮರುದಿನ ಕೊಟ್ಟಿಗೆಯ ಕಡೆಗೆ ಹೋಗಲಿಲ್ಲ. ಮುಂದಿನ ಅಂಗಳಕ್ಕೆ ಬಂದು, ಕೇರಿಯವರ ಸಾಲು ದಾಟಿ, ಕಟ್ಟೆ ಹತ್ತಿ, ಮುಂಬಾಗಿಲಿಂದ ಒಳಗೆ ನಡೆದೆ. ಕಟ್ಟೆಯ ಮೇಲಿದ್ದವರು ಕಾಲು ಒಳಗೆಳೆದುಕೊಂಡರು. ಅಂದಪ್ಪಗೌಡರೂ ಬಂದು ಕೂತಿದ್ದರು, ಕಾರ್ಡು ಕೈಯಲ್ಲಿತ್ತು.

ನಾನು ಡಬ್ಬಿಯಿಂದ ಉದ್ದ ವೈರು ಕಿತ್ತೆ. ಡಬ್ಬಿಗೆ ತನ್ನದೇ ಒಂದು ಗೇಣು ವೈರಿನ ಬಾಲವಿದೆ. ಅದನ್ನು ನೇರ ಕಂಪ್ಯೂಟರಿಗೆ ಚುಚ್ಚಿ ಮೇಜಿನ ಮೇಲಿಟ್ಟೆ.

“ಏನಲೇ ಮಾಡಾಕತ್ತಿ?” ಗವಿಸಿದ್ದೇಶ ಬಂದ.

“ಉದ್ದ ವೈರಿಗೆ ಹೆಬ್ಬೆಟ್ಟು ಹತ್ತವಲ್ದು ಅಣ್ಣಾರ. ಎಲ್ಲಾರೂ ಇಲ್ಲೇ ಬರ್ಲಿ. ನಾ ಕೈ ಹಿಡೀತೀನಿ.”

“ಎಲ್ಲಾರೂ ಅಂದ್ರ?”

“ಹೊರಗ ನಿಂತವರು.”

“ನಮ್ಮ ಮನಿ ಇದು, ನಿಮ್ಮವ್ವನ ಕೇರಿ ಅಲ್ಲ! ವೈರ್ ಹಚ್ಚು ಸುಮ್ನ. ಮೊದಲ ನಿನ್ನ ಹೆಬ್ಬೆಟ್ಟಿಟ್ಟು ಪೋರ್ಟಲ್ ತೆಗಿ. ಅಪ್ಪಾರು ಕುಂತಾರ, ಕಾಣವಲ್ದೇನು?”

ನಾನು ಹೆಬ್ಬೆಟ್ಟನ್ನು ಒಳಗಿಟ್ಟು ಮುಷ್ಟಿ ಮಡಚಿದೆ. ಅವನು ಕೈ ಹಿಡಿದು ಎಳೆಯಲು ಬಂದವನು ಅರ್ಧದಲ್ಲೇ ನಿಂತ. ಮುಟ್ಟಬೇಕಾಗುತ್ತದಲ್ಲ.

“ಎಳೀರಿ ಅಣ್ಣಾರ,” ಅಂದೆ. “ನನ್ನ ಬೆರಳು ಹಿಡದು ನೀವಽ ಒತ್ತಸ್ರಿ.”

“ಸೂಳಿಮಗಳ, ಸೊಕ್ಕು ನೋಡು!”

ಗೌಡರು ಎದ್ದು ಬಂದು ಇನ್‌ಸ್ಪೆಕ್ಟರಿಗೆ ಫೋನು ಹಚ್ಚಿದರು. ಕಿವಿ ಮಂದವಾದ್ದರಿಂದ ಅವರ ಫೋನು ಇಡೀ ಕಟ್ಟೆಗೇ ಕೇಳುತ್ತದೆ.

“ಆಕಿ ಥಂಬ್ ಬೇಕಽ ಬೇಕ್ರಿ ಗೌಡ್ರ. ಬ್ಯಾರೇದವರ ಹೆಸರಿಗೆ ಮಾಡಾಕ ಟೈಮ್ ಹಿಡೀತೈತಿ.”

“ಮಾಡು ಹಂಗಾರ! ಇವತ್ತಽ ಮಾಡು! ಇವಳ ಲೈಸೆನ್ಸ್ ತೆಗಿ!”

“ಮಾಡಿದ್ರೂ ಈ ತಿಂಗಳ ಅಕ್ಕಿ ಇವತ್ತ ಬರಂಗಿಲ್ರೀ.”

ಕಟ್ಟೆಯ ಮೇಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೋ ಒಬ್ಬರು ಮೆಲ್ಲಗೆ, “ಒಂದು ಸಲ ಒಳಗ ಬಂದು ಹ್ವಾದ್ರ ಏನಾಕ್ಕೈತಿ?” ಅಂದರು. ಯಾರಂತ ಗೌಡರು ತಿರುಗಿ ನೋಡುವುದರೊಳಗೆ ಎಲ್ಲರೂ ನೆಲ ನೋಡುತ್ತಿದ್ದರು.

ನಾನು ಉದ್ದ ವೈರನ್ನು ಸುತ್ತಿ ಕಿಟಕಿಯಿಂದ ಹೊರಗೆಸೆದೆ. ಅಂಗಳದಲ್ಲಿ ಬಿತ್ತು. ಪಾರಮ್ಮ ಎತ್ತಿಕೊಂಡಳು. ತೋಟಕ್ಕೆ ಹೊರಟಿದ್ದವಳು, ಗಿಡ ಸವರುವ ಕತ್ತರಿ ಸೊಂಟದಲ್ಲೇ ಇತ್ತು. ವೈರನ್ನು ಒಮ್ಮೆ ಮಡಚಿ, ಕತ್ತರಿಯ ಬಾಯಿಗೆ ಕೊಟ್ಟು, ಕಚಕ್ ಅಂತ ತುಂಡರಿಸಿದಳು. ಒಂದು ತುಂಡಿನಿಂದ ಬರಿ ಚೀಲದ ಬಾಯಿ ಕಟ್ಟಿ ಹೆಗಲಿಗೆ ಹಾಕಿಕೊಂಡಳು.

“ಅತ್ತಿ,” ಅಂತ ಕರೆದೆ. “ಒಳಗ ಬಾ.”

ಅವಳು ಕಟ್ಟೆಯ ಮೇಲೆ ಒಂದು ಕಾಲಿಟ್ಟಳು. ಹಸಿ ಮಣ್ಣಿನ ಹೆಜ್ಜೆ ಮೂಡಿತು. ಅವಳ ಹಿಂದೆ ಕೇರಿಯ ಸಾಲು ಒಂದು ಹೆಜ್ಜೆ ಮುಂದೆ ಸರಿಯಿತು. ಗವಿಸಿದ್ದೇಶ ಬಾಗಿಲಿಗೆ ಅಡ್ಡ ನಿಂತು ಎರಡೂ ಕೈ ಚೌಕಟ್ಟಿಗೆ ಊರಿದ. ಅವಳು ಇನ್ನೊಂದು ಕಾಲೂ ಮೇಲಿಟ್ಟಳು. ಎಣ್ಣೆ ಹಚ್ಚಿದ ಹೆಬ್ಬೆಟ್ಟನ್ನು ಮುಂದೆ ಚಾಚಿಕೊಂಡೇ ಅವನ ಎದುರಿಗೆ ಬಂದಳು. ಅವನು ಎದೆ ಹಿಂದೆ ಮಾಡಿದ, ಕೈ ತೆಗೆಯಲಿಲ್ಲ.

ನನ್ನ ಬೆನ್ನ ಹಿಂದೆ ಹೊಸ ಕಂಪ್ಯೂಟರು, ಅಂಗಡಿ ನಡೆಸುವವರು ಹೆಬ್ಬೆಟ್ಟು ಇಡಬೇಕು ಅಂತ ಕೇಳುತ್ತಲೇ ಇತ್ತು. ಕೇಳಿ ಕೇಳಿ ಅದರ ಪರದೆ ಕಪ್ಪಾಯಿತು. ನಾನು ಮುಷ್ಟಿ ಬಿಚ್ಚಲಿಲ್ಲ.