ಡ್ರೈವರ್ ಸೀಟಿನಿಂದ ಕಂಡ ಮರ

ಚೆರ್ರಿ ಹೂ ನೋಡುವವರನ್ನು ಹನ್ನೊಂದು ವರ್ಷ ಬಸ್ಸಿನಲ್ಲಿ ತುಂಬಿಕೊಂಡು ಹೋಗಿದ್ದರೂ ಡ್ರೈವರ್ ಒಮ್ಮೆಯೂ ಆ ತೋಟದ ಗೇಟು ದಾಟಿರಲಿಲ್ಲ. ಜನ ವಾಪಸು ಬರುವ ತನಕ ಬಸ್ ಬಿಟ್ಟು ಕದಲಬಾರದೆಂದು ಡಿಪೋದವರ ಕಟ್ಟುನಿಟ್ಟು. ಅವನು ಸ್ಟೇರಿಂಗಿನ ಮೇಲೆ ತಲೆಯಿಟ್ಟು ನಿದ್ದೆ ತೆಗೆಯುತ್ತಿದ್ದ. ಕಣ್ಣು ಬಿಟ್ಟರೆ ಎದುರಿಗೆ ಒಂದೇ ಚೆರ್ರಿ ಮರ, ಪಾರ್ಕಿಂಗಿನ ಎತ್ತರದ ಗೋಡೆಯ ನೆರಳಿನಲ್ಲಿದ್ದದ್ದು.

ಹೆಂಡತಿಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ. ಊರವರನ್ನೆಲ್ಲ ಕರೆದುಕೊಂಡು ಹೋಗ್ತೀರಿ, ನನ್ನೊಬ್ಬಳನ್ನು ಬಿಟ್ಟು ಎಂದು ಪ್ರತಿ ವಸಂತದಲ್ಲೂ ಚುಚ್ಚುತ್ತಿದ್ದಳು. ಈ ವರ್ಷ ಚುಚ್ಚಲಿಲ್ಲ. ಅದಕ್ಕೇ ಅವನಿಗೆ ದಿಗಿಲಾಯಿತು. ಇಬ್ಬರೂ ರಜೆ ಹಾಕಿ ಹೋಗೋಣ, ಯಾವ ದಿನ ಅನ್ನುವುದನ್ನು ನನಗೆ ಬಿಡು ಎಂದ. ಅವಳಿಗೆ ಸಿಗುವುದು ಒಂದೇ ದಿನ, ಅದೂ ಜೊತೆಗಾತಿಯ ಎರಡು ಪಾಳಿಯನ್ನು ತಾನು ಮಾಡಿಕೊಟ್ಟರೆ. ದಿನ ತಪ್ಪುವಂತಿರಲಿಲ್ಲ.

ಟ್ರಿಪ್ ಹೋದಾಗಲೆಲ್ಲ ಆ ಮರ ನೋಡಿಕೊಂಡು ಬಂದು ವರದಿ ಒಪ್ಪಿಸಿದ: ಇನ್ನೂ ಮೊಗ್ಗು, ತುದಿ ಕೆಂಪಾಗಿದೆ, ಇನ್ನೊಂದು ವಾರ. ತೋಟ ನೋಡಿ ಬಂದ ಜನ ಆಹಾ ಓಹೋ ಎನ್ನುತ್ತ ಬಸ್ ಹತ್ತುತ್ತಿದ್ದರು. ಟಿಕೆಟ್ ತಗೊಂಡವರು ಒಣಕಡ್ಡಿಯನ್ನೂ ಹೊಗಳುತ್ತಾರೆ ಎಂಬುದು ಅವನ ಅನುಭವ. ಕೊನೆಯ ಟ್ರಿಪ್ಪಿನವರು ಪೆಚ್ಚುಮೋರೆ ಹಾಕಿಕೊಂಡು ಬಂದಾಗ, ಪಾಪ, ಅವಸರಪಟ್ಟರು ಎಂದುಕೊಂಡ. ಮನೆಗೆ ಹೋಗಿ ಸೋಮವಾರ ಎಂದ.

ಅವಳು ಎರಡು ಪಾಳಿ ಹೆಚ್ಚಿಗೆ ದುಡಿದು, ಕಾಲು ಊದಿಸಿಕೊಂಡು ಹೊರಟಳು.

ಪಾರ್ಕಿಂಗಿನ ಮರ ಮೈತುಂಬ ಅರಳಿತ್ತು. ಅವನು ಬೀಗುತ್ತ ಮುಂದೆ ನಡೆದ. ಗೇಟಿನಾಚೆ, ಬಿಸಿಲು ಬೀಳುವ ಇಳಿಜಾರಿನಲ್ಲಿ, ನೂರಾರು ಮರಗಳು ಹಚ್ಚಗೆ ಎಲೆ ಬಿಟ್ಟು ನಿಂತಿದ್ದವು. ಪಕಳೆಗಳು ದಾರಿಯ ಬದಿಯಲ್ಲಿ ಕಂದಿ ಕೊಳೆಯುತ್ತಿದ್ದವು. ಕಸ ಗುಡಿಸುವವಳನ್ನು ಕೇಳಿದರೆ, ಹೂ ಮುಗಿದು ವಾರವಾಯಿತು, ಗೋಡೆ ಪಕ್ಕದ್ದು ಯಾವಾಗಲೂ ಎಲ್ಲಕ್ಕಿಂತ ತಡ ಎಂದಳು.

"ಹನ್ನೊಂದು ವರ್ಷ ಬಂದಿದ್ದೀರಿ. ಯಾರನ್ನಾದ್ರೂ ಒಂದು ಮಾತು ಕೇಳೋಕಾಗ್ಲಿಲ್ವಾ?" ಎಂದಳು ಹೆಂಡತಿ.

"ನಂಗೇ ಗೊತ್ತು ಅಂದ್ಕೊಂಡಿದ್ದೆ."

ಅವಳು ಬೈಯಲಿಲ್ಲ. ಬೈಯುವುದಕ್ಕೂ ತ್ರಾಣ ಬೇಕು. ಬೆಂಚಿನ ಮೇಲೆ ಕೂತು ಚಪ್ಪಲಿ ಕಳಚಿದಳು. ಆ ಒಂದು ಮರವನ್ನಾದರೂ ನೋಡೋಣ ಬಾ ಎಂದು ಅವನು ಕರೆದ.

"ನೀವು ನೋಡಿದ್ದೀರಲ್ಲ, ಸಾಕು. ವಾಪಸ್ ಬಸ್ಸಿಗೆ ಎಷ್ಟೊತ್ತಿದೆ?"

"ಎರಡು ಗಂಟೆ."

"ಅಲ್ಲೀತನಕ ಎಬ್ಬಿಸಬೇಡಿ."

ಬ್ಯಾಗನ್ನು ತಲೆಗಿಟ್ಟುಕೊಂಡು ಕಾಲು ಚಾಚಿ ಮಲಗಿದಳು. ಬೆಂಚಿನಲ್ಲಿ ಅವನಿಗೆ ಜಾಗ ಉಳಿಯಲಿಲ್ಲ.